ಹೇಡಿಯಲ್ಲ, ಗಾಯಾಳು

ಗಿರಣಿಯ ಯಂತ್ರಕ್ಕೆ ಸಿಕ್ಕಿ ಕಾರ್ಮಿಕನ ಬೆರಳು ಹೋದರೆ ಮಾಲೀಕನು ಪರಿಹಾರ ಕೊಡಬೇಕೆಂಬ ಕಾಯಿದೆ ನಮ್ಮ ದೇಶದಲ್ಲಿ 1923ರಷ್ಟು ಹಿಂದೆಯೇ ಬಂದಿತು. ದುಡಿಸಿಕೊಂಡವನೇ ಗಾಯಕ್ಕೆ ಹೊಣೆ ಎಂಬುದು ಅದರ ಸಾರ. ಆದರೆ ಯುದ್ಧದಿಂದ ಮನಸ್ಸು ಮುರಿದುಕೊಂಡು ಬಂದ ಸಿಪಾಯಿಯ ವಿಷಯದಲ್ಲಿ ಸರಕಾರಗಳು ಈ ಹೊಣೆಯಿಂದ ನುಣುಚಿಕೊಳ್ಳುತ್ತ ಬಂದಿವೆ. ಅದಕ್ಕೆ ಅವರು ಬಳಸಿದ ಪದ ಒಂದೇ: ಹೇಡಿತನ.

ಮೊದಲನೆಯ ಮಹಾಯುದ್ಧದಲ್ಲಿ ಹ್ಯಾರಿ ಫಾರ್ ಎಂಬ ಬ್ರಿಟಿಷ್ ಸಿಪಾಯಿ ಫಿರಂಗಿಗಳ ಸಿಡಿತಕ್ಕೆ ನರಗಳು ಕೆಟ್ಟು, 1915ರಲ್ಲಿ ಐದು ತಿಂಗಳು ಆಸ್ಪತ್ರೆಯಲ್ಲಿದ್ದ. ಗುಣವಾಯಿತೆಂದು ಮತ್ತೆ ರಣರಂಗಕ್ಕೆ ಅಟ್ಟಿದರು. 1916ರ ಸೆಪ್ಟೆಂಬರಿನಲ್ಲಿ, ಇನ್ನು ಮುಂದೆ ಹೋಗಲಾರೆನೆಂದ. ಹೇಡಿತನದ ಅಪರಾಧಕ್ಕಾಗಿ ಅಕ್ಟೋಬರಿನಲ್ಲಿ ಅವನ ಸೈನ್ಯದವರೇ ಅವನನ್ನು ಗುಂಡಿಕ್ಕಿ ಕೊಂದರು. ಹೆಂಡತಿಗೆ ಬರುತ್ತಿದ್ದ ಭತ್ಯವೂ ನಿಂತುಹೋಯಿತು. ಅವನೂ ಸೇರಿ ಹೀಗೆ ಸತ್ತ 306 ಮಂದಿಗೆ ಬ್ರಿಟಿಷ್ ಸರಕಾರ ಕ್ಷಮಾದಾನ ನೀಡಿದ್ದು 2006ರಲ್ಲಿ, ತೊಂಬತ್ತು ವರ್ಷ ಕಳೆದ ಮೇಲೆ!

ಆ ಯುದ್ಧದಲ್ಲಿ ಕಾಯಿಲೆಗೂ ವರ್ಗಭೇದವಿತ್ತು. ಅಧಿಕಾರಿಯ ಮನಸ್ಸು ಕೆಟ್ಟರೆ ಅದು ನರಗಳ ಬಳಲಿಕೆ. ಸ್ಕಾಟ್ಲೆಂಡಿನ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ವಿಶ್ರಾಂತಿ, ವೈದ್ಯರೊಡನೆ ಮಾತುಕತೆ. ಸಾಮಾನ್ಯ ಸಿಪಾಯಿಗೆ ಬಂದರೆ ಅದು ಉನ್ಮಾದ; ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಮಾತು ನಿಂತವನ ಗಂಟಲಿಗೆ ವಿದ್ಯುತ್ತಿನ ಆಘಾತ.

ಇದು ಹಳೆಯ ಕಥೆಯೆಂದು ಯಾರೂ ತಳ್ಳಿಹಾಕಬಾರದು. ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿದವರು ಹೋರಾಡಿದ ಮೇಲೆ, 1980ರಲ್ಲಿ ವೈದ್ಯರು ಈ ಗಾಯವನ್ನು ಒಂದು ರೋಗವೆಂದು ಒಪ್ಪಿಕೊಂಡರು. ಆದರೂ ರಣರಂಗದಲ್ಲಿ ಆತ್ಮಹತ್ಯೆ ಮಾಡಿಕೊಂಡವನ ಮನೆಗೆ 2011ರವರೆಗೆ ಅಧ್ಯಕ್ಷರ ಸಂತಾಪದ ಪತ್ರ ಹೋಗುತ್ತಿರಲಿಲ್ಲ. ಆ ವರ್ಷ ಒಬಾಮಾ ನಿಯಮ ಬದಲಿಸಿದರು. ಆಗಲೂ ಊರಿಗೆ ಮರಳಿ ಸತ್ತವನು ಅದರಿಂದ ಹೊರಗುಳಿದ. 2001ರ ನಂತರದ ಯುದ್ಧಗಳಲ್ಲಿ ಅಮೆರಿಕದ 7,057 ಸೈನಿಕರು ಸತ್ತರೆ, ಆ ಯುದ್ಧಗಳ ಕಾಲದ ಸೈನಿಕರು ಮತ್ತು ಮಾಜಿ ಸೈನಿಕರಲ್ಲಿ ಆತ್ಮಹತ್ಯೆ ಮಾಡಿಕೊಂಡವರು 30,177 ಎಂದು ಬ್ರೌನ್ ವಿಶ್ವವಿದ್ಯಾನಿಲಯದ ಅಧ್ಯಯನ 2021ರಲ್ಲಿ ಅಂದಾಜು ಮಾಡಿತು. ಇಷ್ಟೂ ಜನ ಹೇಡಿಗಳೇ?

ಹೇಡಿಯೆಂದರೆ ಹೊಣೆ ಸತ್ತವನದು. ಗಾಯಾಳುವೆಂದರೆ ಔಷಧ, ಪಿಂಚಣಿ, ಹೆಂಡತಿ ಮಕ್ಕಳ ಅನ್ನ, ಎಲ್ಲವೂ ಯುದ್ಧಕ್ಕೆ ಕಳಿಸಿದವರ ಹೊಣೆ. ಈ ಲೆಕ್ಕ ಅಂಗಡಿ ನಡೆಸುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿ 1860ರ ದಂಡಸಂಹಿತೆ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವನಿಗೆ ಒಂದು ವರ್ಷದವರೆಗೆ ಸಜೆ ಎನ್ನುತ್ತಿತ್ತು. ಅಂಥವನು ತೀವ್ರ ಒತ್ತಡದಲ್ಲಿದ್ದನೆಂದು ಭಾವಿಸಬೇಕು, ಅವನ ಆರೈಕೆ ಸರಕಾರದ ಕರ್ತವ್ಯ ಎಂದು 2017ರ ಕಾಯಿದೆ ಹೇಳಿತು. 2024ರ ಜುಲೈಯಲ್ಲಿ ಹಳೆಯ ಕಲಮೂ ಹೋಯಿತು. ಸರಕಾರಿ ಅಧಿಕಾರಿಯನ್ನು ಮಣಿಸಲು ಯತ್ನಿಸಿದರೆ ಮಾತ್ರ ಈಗಲೂ ಅಪರಾಧ! ಕಾಯಿದೆ ಬದಲಾದರೂ ಜನರ ಬಾಯಿ ಬದಲಾಗಿಲ್ಲ. ಮಿಲಿಟರಿಯಲ್ಲಿದ್ದವನು ಇಷ್ಟಕ್ಕೇ ಎದೆಗುಂದಿದನೇ ಎಂದು ಆಡಿಕೊಳ್ಳುತ್ತಾರೆ. ಬಿದ್ದವನಿಗೆ ಆಳಿಗೊಂದು ಕಲ್ಲು. ಆ ಮಾತಿಗೆ ಅಂಜಿ ಅವನು ವೈದ್ಯರ ಬಾಗಿಲಿಗೂ ಹೋಗುವುದಿಲ್ಲ.

ಸೇರುವಾಗ ಇಲ್ಲದಿದ್ದ ಕಾಯಿಲೆ ಸೇವೆಯಿಂದಲೇ ಬಂದಿತೆಂದು ಭಾವಿಸಬೇಕೆಂದು ಸಿಪಾಯಿಯೊಬ್ಬನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ತೀರ್ಪಿತ್ತಿತು. ಮನಸ್ಸಿನ ಗಾಯಕ್ಕೂ ಇದೇ ನ್ಯಾಯ ಸಲ್ಲಬೇಕು. ಅದಕ್ಕಾಗಿ ಬಡ ಸಂಸಾರಗಳು ಕೋರ್ಟಿನ ಮೆಟ್ಟಿಲು ಸವೆಸುವಂತಾಗಬಾರದು.

ಗಿರಣಿಯ ಗೇಟಿನಲ್ಲೋ ಅಂಗಡಿ ಸಾಲಿನಲ್ಲೋ ರಾತ್ರಿ ಕಾವಲಿರುವ ಮಾಜಿ ಸಿಪಾಯಿ ನಿದ್ದೆಗೆಟ್ಟು, ಯಾರೊಡನೆಯೂ ಬೆರೆಯದೆ, ಕುಡಿತಕ್ಕೆ ಬಿದ್ದಿದ್ದರೆ ಅವನನ್ನು ಜರೆಯಬೇಡಿ. ಪಕ್ಕದಲ್ಲಿ ಕುಳಿತು ಕೇಳಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದೆಂದು ತಿಳಿಸಿ. ಸೈನ್ಯಕ್ಕೆ ಹೋದವನು ರೈತನ ಮಗ, ಕೂಲಿಯ ಮಗ. ಬೆರಳಿನ ಬೆಲೆಯನ್ನು ಕೇಳಿ ಪಡೆದ ಕಾರ್ಮಿಕ ವರ್ಗ ಅವನ ಬೇಡಿಕೆಯನ್ನೂ ತನ್ನದೆಂದು ಎತ್ತಿಕೊಳ್ಳಬೇಕು.