ಮೊಣಕೈ ಮುರಿದಾಗ ಮೊದಲು ಬೆರಳು ನೋಡಿ

ಮಳೆ ಬಿಡುವು ಕೊಟ್ಟ ದಿನ ಸಕಲೇಶಪುರ, ಆಲೂರು ಕಡೆಯ ಮಕ್ಕಳು ಸೀಬೆ ಮರ ಹತ್ತುತ್ತಾರೆ. ಪಾಚಿಗಟ್ಟಿದ ಕೊಂಬೆಯಿಂದ ಜಾರಿ, ಕೈ ಊರಿ ಬೀಳುತ್ತಾರೆ. ಮೊಣಕೈ ಊದಿಕೊಂಡರೆ ಹಿರಿಯರು ಹೇಳುವುದು ಒಂದೇ ಮಾತು: "ಕಟ್ಟು ಹಾಕಿಸಿ, ಸರಿಹೋಗುತ್ತೆ."

ಹೀಗೆ ಕಟ್ಟು ಹಾಕಿಸಿದ್ದ ಏಳು ವರ್ಷದ ಹುಡುಗನೊಬ್ಬನನ್ನು ಮೂರನೆಯ ದಿನ ನನ್ನ ಬಳಿ ಕರೆತಂದಿದ್ದರು. ರಾತ್ರಿಯೆಲ್ಲ ಅತ್ತಿದ್ದನಂತೆ. ಮೂಳೆ ಕೂಡುವಾಗ ನೋವು ಸಹಜವೆಂದು ಮನೆಯವರು ಸುಮ್ಮನಿದ್ದರು. ಬಿದಿರಿನ ದಬ್ಬೆ ಬಿಚ್ಚಿದಾಗ ಬೆರಳು ತಣ್ಣಗಿದ್ದವು. ಮುಂದೆ ಮೂಳೆಯೇನೋ ಕೂಡಿತು. ಬೆರಳುಗಳು ಮಾತ್ರ ಮಡಚಿಕೊಂಡೇ ಉಳಿದವು.

ಮಕ್ಕಳಲ್ಲಿ ತೋಳಿನ ಮೂಳೆ ಮೊಣಕೈಗಿಂತ ತುಸು ಮೇಲೆ ತೆಳುವಾಗಿರುತ್ತದೆ. ಕೈಗೆ ರಕ್ತ ಒಯ್ಯುವ ಧಮನಿಯೂ ನರಗಳೂ ಅದಕ್ಕೆ ಅಂಟಿಕೊಂಡಂತೆ ಸಾಗುತ್ತವೆ. ಊತ ಏರುತ್ತಿರುವಾಗ ಬಿಗಿಯಾಗಿ ಕಟ್ಟಿದರೆ ಮಾಂಸಖಂಡಕ್ಕೆ ರಕ್ತ ತಲುಪದೆ, ಕೆಲವೇ ಗಂಟೆಗಳಲ್ಲಿ ಅದು ಸಾಯತೊಡಗುತ್ತದೆ. ಬಿಗಿ ಕಟ್ಟಿನ ಈ ಅನಾಹುತವನ್ನು ಜರ್ಮನಿಯ ಶಸ್ತ್ರವೈದ್ಯ ಫೋಲ್ಕ್‌ಮನ್ 1881ರಲ್ಲೇ ವಿವರಿಸಿದ್ದ. ನಾಟಿ ವೈದ್ಯರನ್ನಷ್ಟೇ ದೂರುವುದು ನ್ಯಾಯವಲ್ಲ; ಬಿಗಿಯಾದ ಪ್ಲಾಸ್ಟರ್ ಕೂಡ ಇದೇ ಕೇಡು ಮಾಡಬಲ್ಲದು.

ಆದ್ದರಿಂದ ತಂದೆತಾಯಂದಿರು ಇಷ್ಟು ನೆನಪಿಡಿ. ಕೈಯನ್ನು ಎಳೆಯಬೇಡಿ, ಎಣ್ಣೆ ಹಚ್ಚಿ ನೀವಬೇಡಿ. ಇದೇ ಪತ್ರಿಕೆಯನ್ನು ದಪ್ಪಗೆ ಮಡಚಿ, ಕೈ ಇದ್ದ ಭಂಗಿಯಲ್ಲೇ ಆಸರೆ ಕೊಟ್ಟು, ಸಡಿಲವಾಗಿ ಬಟ್ಟೆ ಸುತ್ತಿ. ಅರಿವಳಿಕೆ ಬೇಕಾಗಬಹುದು, ಆಸ್ಪತ್ರೆ ತಲುಪುವವರೆಗೆ ತಿನ್ನಲು ಕುಡಿಯಲು ಕೊಡಬೇಡಿ. ಕಟ್ಟು ಹಾಕಿದ ಮೇಲೂ ಬೆರಳು ನೋಡುತ್ತಿರಿ. ಬಿಳಿಚಿದರೆ, ತಣ್ಣಗಾದರೆ, ಜೋಮು ಹಿಡಿದರೆ, ಬೆರಳು ನೀಡಿಸಿದಾಗ ಮಗು ಚೀರಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ. ಬಟ್ಟೆಯ ಕಟ್ಟಾದರೆ ಆಗಲೇ ಸಡಿಲಿಸಿ.

ಮುಂಗೈ ಮುರಿದಾಗಲೂ ಎಕ್ಸ್‌ರೇಯಲ್ಲಿ ಮೊಣಕೈ ಕಾಣಬೇಕು. ಒಂದು ಮೂಳೆ ಮುರಿದು, ಇನ್ನೊಂದು ಮೊಣಕೈಯಲ್ಲಿ ಕೀಲು ತಪ್ಪಿರುವುದುಂಟು. ಆರಂಭದಲ್ಲೇ ಗುರುತಿಸದಿದ್ದರೆ ಮುಂದೆ ಸರಿಪಡಿಸುವುದು ಕಷ್ಟ.

ಆಸ್ಪತ್ರೆಯೆಂದರೆ ದೊಡ್ಡ ಆಪರೇಷನ್ ಎಂಬ ಭಯ ಬೇಡ. ಜರುಗಿದ ಮೊಣಕೈ ಮೂಳೆಯನ್ನು ಬಹಳ ಸಲ ಕುಯ್ಯದೆಯೇ ಕೂಡಿಸಿ, ಸಣ್ಣ ತಂತಿಗಳಿಂದ ನಿಲ್ಲಿಸುತ್ತಾರೆ. ಮೂರು ನಾಲ್ಕು ವಾರಗಳಲ್ಲಿ ತಂತಿ ತೆಗೆಯುತ್ತಾರೆ.

ಒಂದು ದಿನದ ಕೂಲಿ ಹೋಗುತ್ತದೆ, ಹಾಸನ ದೂರ, ಖರ್ಚು ಹೆಚ್ಚು ಎಂಬ ಕಷ್ಟ ನನಗೆ ಗೊತ್ತು. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿ.ಮೀ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಉಚಿತ. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಹೋದ ಕೂಲಿಯನ್ನು ಮತ್ತೆ ದುಡಿಯಬಹುದು. ಸೆಟೆದುಹೋದ ಕೈ ಆ ಮಗುವಿನ ಜೀವಮಾನದ ದುಡಿಮೆಯನ್ನೇ ಕಸಿಯುತ್ತದೆ.