ಪುಕ್ಕಟೆ ಆಟದ ಬೆಲೆ

ಮನರಂಜನೆ ಈಗ ಪುಕ್ಕಟೆ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಹಿರಿಯರೂ ಕಿರಿಯರೂ ಸಮಾನ ಸಂತೋಷದಿಂದ ಆಡುತ್ತಿದ್ದಾರೆ. ಚಿಕ್ಕೋಡಿಯ ಬಸ್ ನಿಲ್ದಾಣದಲ್ಲಿ, ನಿಪ್ಪಾಣಿಯ ತಂಬಾಕಿನ ಉಗ್ರಾಣಗಳಲ್ಲಿ, ಅಥಣಿ ಕಾಗವಾಡಗಳ ಕಬ್ಬಿನ ಹೊಲಗಳ ಬದುವಿನಲ್ಲಿ ಕೈಗೊಂದು ಮೊಬೈಲು. ಅದರೊಳಗೆ ಹಾಡು, ಹಾಸ್ಯ, ಸಿನಿಮಾ. ಟಿಕೆಟ್ಟಿಲ್ಲ, ಸಾಲಿನಲ್ಲಿ ನಿಲ್ಲುವ ಕಷ್ಟವಿಲ್ಲ. ಪ್ರಿಯ ಓದುಗರೇ, ಈ ಮಾತನ್ನು ನಾನು ಒಪ್ಪುವುದಿಲ್ಲ. ಪುಕ್ಕಟೆಯೆಂದು ನಾವು ನಂಬಿರುವ ಈ ಆಟಕ್ಕೆ ಮೊದಲು ಬೆಲೆ ತೆರುತ್ತಿರುವವರು ನಮ್ಮ ಕಲಾವಿದರು; ಅವರ ಹಿಂದೆಯೇ ನಾವು.

ನಮ್ಮದು ಕಲೆಗೆ ಬಡವಾದ ಸೀಮೆಯಲ್ಲ. ಕುಲಗೋಡ ತಮ್ಮಣ್ಣನವರ ಕೈಯಲ್ಲಿ ಬೆಳೆದ ಶ್ರೀಕೃಷ್ಣ ಪಾರಿಜಾತವು ಕೌಜಲಗಿ ನಿಂಗಮ್ಮನವರ ಅಭಿನಯದಿಂದ ಮನೆಮಾತಾಯಿತು. ನಿಪ್ಪಾಣಿಗೆ ಹತ್ತಿರದ ಕೊಲ್ಹಾಪುರದಲ್ಲಿ 1929ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಹುಟ್ಟಿತು. ಗಡಿಯ ಜನ ಕನ್ನಡದ ಸಣ್ಣಾಟವನ್ನೂ ಮರಾಠಿಯ ತಮಾಷಾವನ್ನೂ ಒಂದೇ ರುಚಿಯಿಂದ ನೋಡಿದರು. ಆ ಕಾಲದಲ್ಲಿ ಎಲ್ಲವೂ ನ್ಯಾಯಯುತವಾಗಿತ್ತೆಂದು ಹೇಳಲಾಗದು. ಕಲಾವಿದೆಯರು ನುಂಗಿದ ಅವಮಾನ ಸಣ್ಣದಲ್ಲ. ಆದರೆ ಊರ ಹಿರಿಯರು ವೀಳ್ಯ ಕೊಟ್ಟು ಮೇಳವನ್ನು ಕರೆಸಿದಾಗ, ಕರೆದವರಾರು, ಕೊಟ್ಟದ್ದೆಷ್ಟು ಎಂಬುದು ಎರಡೂ ಕಡೆಯವರಿಗೆ ತಿಳಿದಿರುತ್ತಿತ್ತು. ಮಾತು ತಪ್ಪಿದರೆ ತಟ್ಟಲು ಒಂದು ಬಾಗಿಲಿತ್ತು. ಇಂದು ಆ ಬಾಗಿಲೇ ಇಲ್ಲ.

ಇದಕ್ಕೆ ಪ್ರತಿವಾದವುಂಟು, ಅದು ಹಗುರವಾದುದೂ ಅಲ್ಲ. ರಾಯಬಾಗ ತಾಲ್ಲೂಕಿನ ನಿಪನಾಳದ ಜಾನಪದ ಗಾಯಕ ಮಾಳು ನಿಪನಾಳ ಅವರನ್ನು ನಾಡಿಗೆಲ್ಲ ಪರಿಚಯಿಸಿದ್ದು ಯೂಟ್ಯೂಬ್. 2025ರಲ್ಲಿ ಅವರು ಬಿಗ್ ಬಾಸ್ ಕನ್ನಡದ 12ನೆಯ ಆವೃತ್ತಿಯನ್ನೂ ಪ್ರವೇಶಿಸಿದರು. ಬೆಂಗಳೂರಿನ ಯಾವ ನಿರ್ಮಾಪಕನ ಮನೆಯನ್ನೂ ಕಾಯದೆ ಗಡಿಯ ಹಳ್ಳಿಯ ಕಂಠವೊಂದು ಹೀಗೆ ಕೇಳಿಸಿದ್ದು ಸಂತೋಷದ ಸಂಗತಿ. ಆದರೆ ಒಬ್ಬರು ದಾಟಿದ ಸೇತುವೆಯನ್ನು ತೋರಿಸಿ, ದಾಟಲಾರದೆ ಉಳಿದವರ ಲೆಕ್ಕವನ್ನು ಮುಚ್ಚಿಡುವುದು ಸರಿಯೇ?

ಆ ಲೆಕ್ಕವನ್ನು ನೋಡೋಣ. 2006ರಲ್ಲಿ ಗೂಗಲ್ ಸಂಸ್ಥೆ 165 ಕೋಟಿ ಡಾಲರಿಗೆ ಯೂಟ್ಯೂಬನ್ನು ಕೊಂಡಿತು. ಅಲ್ಲಿ ಜಾಹೀರಾತಿನ ಪಾಲು ಪಡೆಯಲು 1000 ಚಂದಾದಾರರಿರಬೇಕು. ಜೊತೆಗೆ 12 ತಿಂಗಳಲ್ಲಿ 4000 ಗಂಟೆಗಳ ವೀಕ್ಷಣೆ, ಇಲ್ಲವೇ 90 ದಿನಗಳಲ್ಲಿ 1 ಕೋಟಿ ಶಾರ್ಟ್ಸ್ ವೀಕ್ಷಣೆ ಆಗಬೇಕು. ಈ ಗೆರೆ ದಾಟಿದವರಿಗೆ ಉದ್ದ ವಿಡಿಯೊಗಳ ಜಾಹೀರಾತು ಆದಾಯದಲ್ಲಿ ಶೇ. 55, ಶಾರ್ಟ್ಸ್‌ನಲ್ಲಿ ತಮ್ಮ ಪಾಲಿಗೆ ಬಂದುದರ ಶೇ. 45. ದಾಟದವರಿಗೆ? 2020ರ ನವೆಂಬರಿನಲ್ಲಿ ಬದಲಿಸಿದ ನಿಯಮದಂತೆ ಅವರ ವಿಡಿಯೊಗಳಲ್ಲಿಯೂ ಕಂಪನಿಯು ಜಾಹೀರಾತು ಹಾಕಬಹುದು. ಹಾಡಿದವನಿಗೆ ಒಂದು ಪೈಸೆಯನ್ನೂ ಕೊಡಬೇಕಿಲ್ಲ. ಕೂಲಿ ಕೊಡದೆ ದುಡಿಸಿಕೊಳ್ಳುವುದಕ್ಕೆ ಬೀಡಿ ಕಟ್ಟುವ ಕೈಗಳನ್ನು ಬಲ್ಲ ನಿಪ್ಪಾಣಿಯಲ್ಲಿ ಬೇರೆಯೇ ಹೆಸರಿದೆ. ರಂಗದ ಒಡೆಯ, ಜಾಹೀರಾತಿನ ದಲ್ಲಾಳಿ, ತಕರಾರು ಬಂದರೆ ನ್ಯಾಯಾಧೀಶ, ಮೂವರೂ ಇಲ್ಲಿ ಒಬ್ಬನೇ.

ಆ ರಂಗವೂ ಕಲಾವಿದನದಲ್ಲ. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ನಿಷೇಧಕ್ಕೆ ಕಾರಣಗಳೇನೇ ಇರಲಿ, ಅಲ್ಲಿ ಪ್ರೇಕ್ಷಕರನ್ನು ಕೂಡಿಸಿಕೊಂಡಿದ್ದ ಹಳ್ಳಿಯ ಹುಡುಗ ಹುಡುಗಿಯರು ತಾವು ಕಟ್ಟಿದ್ದು ಬಾಡಿಗೆ ನೆಲದ ಮೇಲಿನ ಮನೆಯೆಂದು ಅರಿತರು. ಹೆಸರುಳ್ಳವರ ಪಾಡೂ ಭಿನ್ನವಲ್ಲ. ನಟ ರಕ್ಷಿತ್ ಶೆಟ್ಟಿಯವರ ಸಂಸ್ಥೆ ನಿರ್ಮಿಸಿದ ಕನ್ನಡದ ‘ಏಕಂ’ ಸರಣಿಗೆ ದೊಡ್ಡ ಒಟಿಟಿ ವೇದಿಕೆಗಳು ಒದಗಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ಸ್ವಂತ ಜಾಲತಾಣದಲ್ಲಿಯೇ ಬಿಡುಗಡೆ ಮಾಡಬೇಕಾಯಿತು. ಕನ್ನಡಿಗರು ಏನು ನೋಡಬೇಕೆಂಬುದನ್ನು ಕನ್ನಡ ಬಾರದ ಕಚೇರಿಗಳು ನಿರ್ಧರಿಸಿದರೆ ಇನ್ನೇನಾದೀತು?

ನೋಡುಗರಾದ ನಮಗಾದರೂ ಲಾಭವಿದೆಯೇ? 2023ರಲ್ಲಿ ಜಿಯೊಸಿನಿಮಾ ಐಪಿಎಲ್ ಪಂದ್ಯಗಳನ್ನು ಉಚಿತವಾಗಿ ತೋರಿಸಿತು. 2025ರ ಫೆಬ್ರವರಿಯಲ್ಲಿ ಅದು ಹಾಟ್‌ಸ್ಟಾರ್ ಜೊತೆ ಸೇರಿ ಜಿಯೊಹಾಟ್‌ಸ್ಟಾರ್ ಆದಮೇಲೆ ಪೂರ್ಣ ಪಂದ್ಯಕ್ಕೆ ಚಂದಾ ಬೇಕಾಯಿತು. ಅಮೆಜಾನ್ ಪ್ರೈಮ್, ಚಂದಾ ಕಟ್ಟಿದವರಿಗೂ 2025ರ ಜೂನ್ 17ರಿಂದ ಜಾಹೀರಾತು ತೋರಿಸತೊಡಗಿತು. ತಪ್ಪಿಸಿಕೊಳ್ಳಲು ವರ್ಷಕ್ಕೆ ಮತ್ತೆ 699 ರೂಪಾಯಿ. ರೂಢಿಯಾಗುವವರೆಗೆ ಪುಕ್ಕಟೆ, ರೂಢಿಯಾದಮೇಲೆ ವಸೂಲಿ.

ಹಣಕ್ಕಿಂತ ದೊಡ್ಡ ನಷ್ಟ ಅಭಿರುಚಿಯದು. ಈಗಿನ ಜಾನಪದ ಹಾಡುಗಳಲ್ಲಿ ದ್ವಂದ್ವಾರ್ಥ ಹೆಚ್ಚಿತೆಂದು ಗಾಯಕರನ್ನು ಬೈಯುವವರು ನಮ್ಮಲ್ಲಿ ಅನೇಕರು. ಆದರೆ ಬೆರಳು ಸರಿಯುವ ಮುನ್ನ ನೋಡುಗನನ್ನು ಹಿಡಿದಿಟ್ಟವನನ್ನೇ ಮುಂದಕ್ಕೆ ತಳ್ಳುವ ಯಂತ್ರವನ್ನು ಯಾರೂ ಬೈಯುವುದಿಲ್ಲ. ಪಾರಿಜಾತಕ್ಕೆ ಇಡೀ ರಾತ್ರಿ ಬೇಕು. ಶಾರ್ಟ್ಸ್ ಕೊಡುವುದು ಹೆಚ್ಚೆಂದರೆ ಮೂರು ನಿಮಿಷ. ಕೃಷ್ಣ, ರುಕ್ಮಿಣಿ, ಸತ್ಯಭಾಮೆಯರ ಸಂವಾದ ಮೂರು ನಿಮಿಷದಲ್ಲಿ ಹಿಡಿಯುವುದಿಲ್ಲ. ಒಂದು ಪೋಲಿ ಮಾತು ಹಿಡಿಯುತ್ತದೆ.

ಹಾಗಾದರೆ ಮೊಬೈಲನ್ನು ಬಾವಿಗೆ ಎಸೆಯಬೇಕೆ? ಅದು ಯಾರಿಂದಲೂ ಆಗದ ಮಾತು. ಆಗುವ ಮಾತುಗಳು ಎರಡಿವೆ. ಕೇರಳ ಸರ್ಕಾರ 2024ರ ಮಾರ್ಚ್ 7ರಂದು ‘ಸಿ ಸ್ಪೇಸ್’ ಎಂಬ ತನ್ನದೇ ಒಟಿಟಿ ಆರಂಭಿಸಿತು. ಕನ್ನಡ ಚಿತ್ರಗಳಿಗಾಗಿ ಅಂಥದೊಂದನ್ನು ರೂಪಿಸುವುದಾಗಿ ಕರ್ನಾಟಕ ಸರ್ಕಾರ 2025ರ ಮಾರ್ಚಿನ ಬಜೆಟ್ಟಿನಲ್ಲಿ ಘೋಷಿಸಿತು. ಅದರಲ್ಲಿ ಚಲನಚಿತ್ರಕ್ಕಷ್ಟೇ ಅಲ್ಲದೆ ಸಣ್ಣಾಟಕ್ಕೂ ಪಾರಿಜಾತಕ್ಕೂ ಜಾಗ ಬೇಕು, ಹಾಡಿದವನ ಪಾಲು ಎಷ್ಟೆಂಬುದು ಬಹಿರಂಗವಾಗಿರಬೇಕು ಎಂದು ನಮ್ಮ ಐದೂ ತಾಲ್ಲೂಕುಗಳ ಶಾಸಕರನ್ನು ಕೇಳುವುದು ನಮ್ಮ ಹಕ್ಕು.

ಎರಡನೆಯದಕ್ಕೆ ಯಾವ ಸರ್ಕಾರವೂ ಬೇಡ. ಮದುವೆಗೂ ಹಬ್ಬಕ್ಕೂ ಡಿಜೆಯವನಿಗೆ ಸಾವಿರಾರು ರೂಪಾಯಿ ಕೊಟ್ಟು, ಮೊಬೈಲಿನಲ್ಲಿ ಸಿಕ್ಕ ಹಾಡನ್ನೇ ಕಿವಿ ಕಿತ್ತುಹೋಗುವಂತೆ ಕೇಳುವವರು ನಾವು. ಅದೇ ಹಣದಲ್ಲಿ ಪಕ್ಕದೂರಿನ ಮೇಳವನ್ನು ಕರೆಸಬಹುದು. ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಬಹುದು. ಆಟ ಮುಗಿದಮೇಲೆ ಹಣವನ್ನು ಕಲಾವಿದನ ಕೈಗೇ ಇಟ್ಟು ಊಟಕ್ಕೆ ಎಬ್ಬಿಸಬಹುದು. ಆ ಹಣದಲ್ಲಿ ಶೇ. 45ರ ಪಾಲು ಕೇಳಲು ಯಾವ ಕಂಪನಿಯೂ ನಮ್ಮ ಅಂಗಳಕ್ಕೆ ಬರಲಾರದು.