ವೈದ್ಯೆಯರ ನಿಂತ ಓದು ಮುಂದುವರಿಯಲಿ

ಮದುವೆಯ ಮಾತುಕತೆಯಲ್ಲಿ ‘ಹುಡುಗಿ ಎಂಬಿಬಿಎಸ್’ ಎಂದರೆ ಎರಡೂ ಮನೆತನಗಳಿಗೆ ಹೆಮ್ಮೆ. ಮಂಗಳೂರು, ಮಣಿಪಾಲ, ಹುಬ್ಬಳ್ಳಿಗಳಲ್ಲಿ ಓದಿ, ಮದುವೆಯಾಗಿ ಮುಂಬಯಿಗೆ ಬಂದ ವೈದ್ಯೆಯರು ಇಲ್ಲಿನ ಕನ್ನಡಿಗರಲ್ಲಿ ಇದ್ದಾರೆ. ಆದರೆ ಬಾಣಂತನ, ಮಗುವಿನ ಶಾಲೆ, ಹಿರಿಯರ ಆರೈಕೆ ಎನ್ನುತ್ತ ಎಂ.ಡಿ. ಓದುವ ಆಸೆ ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತದೆ. ಆರೇಳು ವರ್ಷ ಕಳೆದ ಮೇಲೆ ‘ಇನ್ನು ಈ ವಯಸ್ಸಿನಲ್ಲಿ ಓದು ಯಾಕೆ?’ ಎಂಬ ಮಾತು ಮನೆಯಲ್ಲೇ ಕೇಳಿಬರುತ್ತದೆ.

ನಿಯಮ ಹಾಗೆ ಹೇಳುವುದಿಲ್ಲ. ನೀಟ್-ಪಿಜಿ ಪರೀಕ್ಷೆಗೆ ಗರಿಷ್ಠ ವಯೋಮಿತಿಯಿಲ್ಲ. ಇಷ್ಟೇ ಬಾರಿ ಬರೆಯಬೇಕೆಂಬ ಕಟ್ಟುಪಾಡೂ ಇಲ್ಲ. ಪದವಿ, ಇಂಟರ್ನ್‌ಶಿಪ್, ವೈದ್ಯಕೀಯ ಮಂಡಳಿಯ ನೋಂದಣಿ ಇದ್ದರೆ ಹತ್ತು ವರ್ಷದ ಬಿಡುವಿನ ನಂತರವೂ ಬರೆಯಬಹುದು. ಸ್ನಾತಕೋತ್ತರ ವೈದ್ಯಕೀಯ ಸೀಟುಗಳಲ್ಲಿ ವಾಸಸ್ಥಳ ಆಧಾರಿತ ಮೀಸಲಾತಿ ಸಲ್ಲದೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ತೀರ್ಪಿತ್ತಿರುವುದು ಒಂದು ರಾಜ್ಯದಲ್ಲಿ ಓದಿ ಇನ್ನೊಂದರಲ್ಲಿ ನೆಲೆಸಿದವರು ಗಮನಿಸಬೇಕಾದ ಸಂಗತಿ. ಅದೇ ಸಂಸ್ಥೆಗಳಲ್ಲಿ ಓದಿದವರಿಗೆ ಮಿತವಾದ ಆದ್ಯತೆ ಕೊಡಲು ಆ ತೀರ್ಪು ಅವಕಾಶ ಉಳಿಸಿದೆ. ಆದ್ದರಿಂದ ಆಯಾ ವರ್ಷದ ಪ್ರವೇಶ ನಿಯಮವನ್ನು ಓದಿಕೊಂಡೇ ಮುಂದುವರಿಯಬೇಕು.

ನಿಜವಾದ ಕಷ್ಟ ಸೀಟು ಸಿಕ್ಕ ಮೇಲೆ. ಮೂರು ವರ್ಷದ ಪೂರ್ಣಾವಧಿ ರೆಸಿಡೆನ್ಸಿ, ರಾತ್ರಿ ಪಾಳಿ, ಮೂರು ತಿಂಗಳ ಜಿಲ್ಲಾ ಸೇವೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಾವಳಿ ಸೂಕ್ತ ಕೆಲಸದ ಅವಧಿ, ವಾರದ ರಜೆ, ಹೆರಿಗೆ ರಜೆಗಳನ್ನು ಹೇಳಿದೆ. ಆದರೆ ಕೆಲಸದ ಒತ್ತಡವಿದ್ದಾಗ ವಾರದ ರಜೆಯೂ ಖಚಿತವಲ್ಲ. ಬ್ರಿಟನ್‌ನಲ್ಲಿ ಮಕ್ಕಳಿರುವ ವೈದ್ಯರು ಕಡಿಮೆ ಅವಧಿಯ ತರಬೇತಿಯನ್ನು ಆಯ್ದುಕೊಳ್ಳಬಹುದು. ಆ ದಾರಿಯನ್ನು ಇಲ್ಲಿಯೂ ತೆರೆಯಬೇಕೆಂದು ಒತ್ತಾಯಿಸುವುದು ಅಗತ್ಯ.

ಅಲ್ಲಿಯವರೆಗೆ ಮನೆ ಮತ್ತು ಸಂಘಗಳೇ ಆಸರೆ. ಪ್ರತಿಭಾವಂತ ಮಕ್ಕಳಿಗೆ ವಿದ್ಯಾರ್ಥಿವೇತನ ನೀಡಿ ಸನ್ಮಾನಿಸುವ ಕನ್ನಡ ಸಂಘಗಳ ಕಾರ್ಯ ಶ್ಲಾಘನೀಯ. ಅದೇ ಪಟ್ಟಿಯಲ್ಲಿ ಮರಳಿ ಓದಲು ಹೊರಟ ತಾಯಿಗೂ ಒಂದು ಸ್ಥಾನವಿರಲಿ. ಕಾರ್ಯಕ್ರಮವಿಲ್ಲದ ದಿನಗಳಲ್ಲಿ ಖಾಲಿಯಿರುವ ಸಂಘದ ಸಭಾಗೃಹ ಓದಿಗೆ ದೊರೆಯಲಿ. ಸಂಘದ ಹಿರಿಯ ವೈದ್ಯರು ತಮ್ಮ ಹೊರರೋಗಿ ವಿಭಾಗದಲ್ಲಿ ಆಕೆಯನ್ನು ಜತೆಗೆ ಕೂರಿಸಿಕೊಂಡರೆ ರೋಗಿಯನ್ನು ನೋಡುವ ಧೈರ್ಯ ಮರಳುತ್ತದೆ.

ಉಳಿದದ್ದು ಮನೆಯವರ ಪಾಲು. ರಾತ್ರಿ ಪಾಳಿಯ ದಿನ ಮಗುವಿಗೆ ಊಟ ಮಾಡಿಸಿ ಮಲಗಿಸುವ ಹೊಣೆಯನ್ನು ಪತಿ ಹೊತ್ತುಕೊಳ್ಳಬೇಕು. ಸಂಘದ ಆರೋಗ್ಯ ಶಿಬಿರಕ್ಕೆ ತಜ್ಞ ವೈದ್ಯೆ ಬೇಕೆಂದು ಹುಡುಕುವವರು, ಆಕೆ ತಮ್ಮ ಮನೆಯಲ್ಲೇ ಇರಬಹುದೆಂಬುದನ್ನು ಮರೆಯಬಾರದು.